ಏಳನೇ ಕಾಲಮ್ಮಿನ ಹೆಂಡತಿ

ಕೊಡೆರಾಯರ ಎರಡನೇ ಮದುವೆ ನಡೆದದ್ದು ಮೂಳೆ ಆಸ್ಪತ್ರೆಯ ಅರ್ಜಿಯ ಏಳನೇ ಕಾಲಮ್ಮಿನಲ್ಲಿ. ವಧು ಇರಲಿಲ್ಲ. ವರನಿಗೂ ವಿಷಯ ಗೊತ್ತಾದದ್ದು ನಾಲ್ಕು ದಿನ ತಡವಾಗಿ.

ಕೊಡೆರಾಯರು ಎಂಬುದು ಅವರ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಸ್ ನಿಲ್ದಾಣದ ತುತ್ತತುದಿಯಲ್ಲಿ 'ಕಳೆದುಹೋದ ವಸ್ತುಗಳು' ಎಂಬ ಬೋರ್ಡಿನ ಕೆಳಗೆ ಇಪ್ಪತ್ತಾರು ವರ್ಷ ಕೂತರೆ, ಮತ್ತು ಕಳೆದುಹೋಗುವ ವಸ್ತುಗಳಲ್ಲಿ ಮುಕ್ಕಾಲು ಪಾಲು ಕೊಡೆಗಳೇ ಆದರೆ, ಹೆಸರು ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಅವರ ಕೌಂಟರಿನಲ್ಲಿ ಒಂದೇ ಕಾನೂನು. ಗುರುತು ಹೇಳದೆ ವಸ್ತು ಕೊಡುವಂತಿಲ್ಲ.

"ಕಪ್ಪು ಕೊಡೆ ಸಾರ್, ನಿನ್ನೆ ಸಂಜೆ ಬಿಟ್ಟುಹೋದೆ."

"ಕೊಡೆ ಎಲ್ಲಾ ಕಪ್ಪೇ. ಗುರುತು ಹೇಳಿ."

"ಹಿಡಿ ಬಾಗಿದೆ."

"ಹಿಡಿ ಎಲ್ಲಾ ಬಾಗೇ ಇರುತ್ತೆ. ನಿಮ್ಮದು ಅನ್ನೋಕೆ ಗುರುತು ಏನು?"

ಬಂದವರು ಕಣ್ಣು ಮುಚ್ಚಿ, ಒಂದು ಕಡ್ಡಿಗೆ ನೀಲಿ ದಾರ ಕಟ್ಟಿದ್ದನ್ನು ನೆನಪಿಸಿಕೊಂಡ ಮೇಲೆಯೇ ರಾಯರು ಏಣಿ ಹತ್ತುತ್ತಿದ್ದರು. ಹಾಗೆ ಹತ್ತಿದ ಒಂದು ದಿನ ಮೂರನೇ ಅಟ್ಟದಲ್ಲಿದ್ದ, ಗುಂಡಿ ಒತ್ತಿ ತೆರೆಯುವ ಒಂದು ಕೊಡೆ, ಕೈ ತಾಗಿದ್ದೇ ತಡ, ಫಟ್ಟನೆ ಬಿಚ್ಚಿಕೊಂಡು ಮುಖಕ್ಕೆ ಬಡಿಯಿತು. ರಾಯರು ಕೊಡೆ ಹಿಡಿದುಕೊಂಡೇ ಇಳಿದರು. ಆದರೆ ಏಣಿಯ ಮೂಲಕ ಇಳಿಯಲಿಲ್ಲ. ಬಲಗಾಲಿನ ಮಂಡಿ ಒಳಗೆ ಏನೋ ಕಟಕ್ ಎಂದಿತು.

ಅವತ್ತಿನಿಂದ ಅವರ ನಡಿಗೆಗೆ ಎರಡು ಸ್ವರ ಬಂದವು. ಎಡಗಾಲು ಭಾರ ಹೊತ್ತು ಧಪ್ ಎನ್ನುತ್ತಿತ್ತು. ಬಲಗಾಲು ಹಿಂದಿನಿಂದ ಮೆಲ್ಲಗೆ ಸರ್ ಎಂದು ಎಳೆದುಕೊಂಡು ಬರುತ್ತಿತ್ತು. ಎರಡು ವಾರ ಹೀಗೇ ನಡೆದರು. ನಿಲ್ದಾಣದ ಮೇಲಧಿಕಾರಿ ಕರೆದು, ಏಣಿ ಹತ್ತಲಾಗದವರಿಗೆ ಈ ಕೌಂಟರು ಯಾಕೆ, ಟೈರಿನ ಗೋದಾಮಿಗೆ ಹಾಕುತ್ತೇನೆ ಎಂದು ಪ್ರೀತಿಯಿಂದಲೇ ಹೇಳಿದ. ಟೈರಿನ ಗೋದಾಮಿಗೆ ದಿನವಿಡೀ ಒಂದು ನರಪಿಳ್ಳೆಯೂ ಬರುವುದಿಲ್ಲ. ಬಂದರೂ ಯಾರೂ ಮಾತಾಡಿಸುವುದಿಲ್ಲ. ಮಾರನೇ ದಿನವೇ ರಾಯರು ರಜೆ ಹಾಕಿ ಮೂಳೆ ಆಸ್ಪತ್ರೆಗೆ ಹೋದರು.

"ಆಪರೇಷನ್ ಬೇಡ," ಎಂದರು ಡಾಕ್ಟರು, ರಾಯರ ಮುಖ ನೋಡದೆ ಮಂಡಿಯನ್ನೇ ಉದ್ದೇಶಿಸಿ. "ಒಳಗಿನ ಗಾದಿ ಸ್ವಲ್ಪ ಹರಿದಿದೆ. ನಿಮ್ಮ ತೋಳಿಂದ ಒಂದಿಷ್ಟು ರಕ್ತ ತೆಗೀತೀವಿ. ಮಿಷನ್‌ಗೆ ಹಾಕಿ ಗಿರಗಿರ ತಿರುಗಿಸ್ತೀವಿ. ಕೆಂಪು ಕೆಳಗೆ ಕೂರುತ್ತೆ, ಹಳದಿ ತಿಳಿ ಮೇಲೆ ನಿಲ್ಲುತ್ತೆ. ಆ ತಿಳೀನ ಮಂಡಿಗೆ ಚುಚ್ತೀವಿ. ಆರು ವಾರ ಬಿಟ್ಟು ನೋಡೋಣ. ಎಲ್ಲರಿಗೂ ಗುಣ ಆಗೇ ಆಗುತ್ತೆ ಅಂತ ಹೇಳಲ್ಲ, ತುಂಬಾ ಜನಕ್ಕೆ ಆಗಿದೆ."

"ಯಾರ ರಕ್ತ ಅಂದ್ರಿ ಸಾರ್?"

"ನಿಮ್ಮದೇ."

"ನನ್ನದನ್ನ ನನಗೇ ವಾಪಸ್ ಕೊಡ್ತೀರಾ?"

"ಹೌದು."

ರಾಯರಿಗೆ ಈ ಚಿಕಿತ್ಸೆ ಬಹಳ ಹಿಡಿಸಿತು. ಇಪ್ಪತ್ತಾರು ವರ್ಷದಿಂದ ಅವರು ಮಾಡಿಕೊಂಡು ಬಂದದ್ದೂ ಅದನ್ನೇ.

ಅರ್ಜಿ ತುಂಬಿಸಿಕೊಳ್ಳಲು ಹೊರಗಿನ ಹಾಲಿನಲ್ಲಿ ನರ್ಸಮ್ಮ ಕೂತಿದ್ದರು. ಅವರ ದನಿಯನ್ನು ದೇವರು ದೊಡ್ಡ ಮೈದಾನಕ್ಕೆಂದು ಮಾಡಿ, ಕೊನೆಯ ಗಳಿಗೆಯಲ್ಲಿ ಆಸ್ಪತ್ರೆಗೆ ಕೊಟ್ಟಂತಿತ್ತು. ಹಾಲಿನಲ್ಲಿ ಹನ್ನೊಂದು ರೋಗಿಗಳು, ಅವರ ಪಕ್ಕದಲ್ಲಿ ಹನ್ನೊಂದು ಜನ. ಒಬ್ಬಳು ಗಂಡನ ಕನ್ನಡಕ ಒರೆಸುತ್ತಿದ್ದಳು. ಒಬ್ಬ ಮಗ ಅಮ್ಮನ ಚೀಲ ಹಿಡಿದುಕೊಂಡು ಅಮ್ಮನಿಂದಲೇ ಬೈಸಿಕೊಳ್ಳುತ್ತಿದ್ದ.

"ಮುಂದಿನ ಗುರುವಾರ ಬೆಳಿಗ್ಗೆ ಹತ್ತಕ್ಕೆ ಇಂಜೆಕ್ಷನ್," ಎಂದರು ನರ್ಸಮ್ಮ. "ಏಳನೇ ಕಾಲಮ್ಮು. ಜೊತೆಗೆ ಯಾರು ಬರ್ತಾರೆ?"

"ಯಾರೂ ಬೇಕಾಗಿಲ್ಲ, ನಾನೇ ಬರ್ತೀನಿ."

"ನೀವು ಬಂದೇ ಬರ್ತೀರಿ, ಮಂಡಿ ನಿಮ್ಮದಲ್ವಾ? ಜೊತೆ ಇಲ್ದೆ ಇಂಜೆಕ್ಷನ್ ಇಲ್ಲ. ಚುಚ್ಚಿಸಿಕೊಂಡು ಒಬ್ಬರೇ ಮೆಟ್ಟಿಲು ಇಳಿಯೋಕೆ ಹೋಗಿ ಬಿದ್ದರೆ ಯಾರು ಗತಿ? ಮನೇಲಿ ಯಾರೂ ಇಲ್ವಾ?"

ಕನ್ನಡಕ ಒರೆಸುವುದು ನಿಂತಿತು. ಇಪ್ಪತ್ತೆರಡು ಜನ ರಾಯರನ್ನು ನೋಡಿದರು.

"ಇದಾಳೆ," ಎಂದರು ರಾಯರು. "ನಮ್ಮ ಮನೆಯವಳು ಬರ್ತಾಳೆ."

ಮನೆಯವಳು ತೀರಿಕೊಂಡು ನಾಲ್ಕು ವರ್ಷ ಮೂರು ತಿಂಗಳಾಗಿತ್ತು. ಇದು ರಾಯರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಅವರ ಬಾಯಿಗೆ ಯಾರೂ ತಿಳಿಸಿರಲಿಲ್ಲ.

"ಅವರ ಫೋನ್ ನಂಬರ್?"

ದಿನಕ್ಕೆ ನಲವತ್ತು ಸಲ ಜನರಿಗೆ ಹೇಳಿ ಹೇಳಿ ನಾಲಿಗೆ ಮೇಲೆ ನಿಂತಿದ್ದ ನಂಬರನ್ನು ರಾಯರು ಹೇಳಿದರು. ಅದು ಕೌಂಟರಿನ ಫೋನು. ಗುರುವಾರ ಬಂದಾಗ 'ಅವಳು ಕೆಳಗೆ ಗಾಡಿಯಲ್ಲೇ ಕೂತಿದಾಳೆ' ಎಂದರಾಯಿತು ಎಂದು ಮೆಟ್ಟಿಲಿಳಿಯುವಷ್ಟರಲ್ಲಿ ಉಪಾಯ ಮಾಡಿಕೊಂಡರು. ಮಂಡಿ ನೋವಿನಿಂದ ಮೆಟ್ಟಿಲು ನಿಧಾನವಾಗಿತ್ತು. ಉಪಾಯವೂ ಅಷ್ಟೇ ನಿಧಾನದ್ದಾಗಿತ್ತು.

ಸೋಮವಾರ ರಾಯರು ಮುಖ ತೊಳೆಯಲು ಹೋಗಿದ್ದಾಗ ಫೋನು ಬಡಿದುಕೊಂಡಿತು. ಎತ್ತಿದವನು ಪಕ್ಕದ ಕೌಂಟರಿನ ಪಾರ್ಸೆಲ್ ಗುಮಾಸ್ತ. ಬಂದದ್ದನ್ನು ಅರ್ಧ ಗಂಟೆಗಿಂತ ಹೆಚ್ಚು ಕೈಯಲ್ಲಿ ಇಟ್ಟುಕೊಳ್ಳುವುದು ಅವನ ಜಾಯಮಾನವೇ ಅಲ್ಲ.

"ಮೂಳೆ ಆಸ್ಪತ್ರೆಯಿಂದ. ಮಂಡಿ ನೋವಿನವರ ಹೆಂಡ್ತಿಗೆ ಫೋನ್ ಕೊಡಿ," ಎಂದಿತು ಮೈದಾನದ ದನಿ.

"ಯಾರಿಗೆ?"

"ಹೆಂಡ್ತಿಗೆ ರೀ! ಗುರುವಾರ ಅವರನ್ನ ಕರ್ಕೊಂಡು ಬರೋರು. ಸಡಿಲ ಪ್ಯಾಂಟ್ ಹಾಕ್ಸಿ, ತಿಂಡಿ ತಿನ್ನಿಸಿ, ಕೈ ಹಿಡ್ಕೊಂಡು ಕರ್ಕೊಂಡು ಬರೋಕೆ ಹೇಳಿ!"

ರಾಯರು ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಪಾರ್ಸೆಲ್ಲು ಟಿಕೆಟ್ ಕಿಟಕಿ, ಕ್ಯಾಂಟೀನು, ಚಾಲಕರ ವಿಶ್ರಾಂತಿ ಕೋಣೆ, ಮೂರೂ ಕಡೆ ತಲುಪಿತ್ತು.

"ಸಾರ್, ಮೋಸ ಮಾಡಿಬಿಟ್ರಿ," ಎಂದ ಗುಮಾಸ್ತ, ಎರಡೂ ಕೈ ಹಿಡಿದು ಕುಲುಕುತ್ತಾ. "ಒಂದು ಮಾತು ಹೇಳಿದ್ರೆ ನಾವೇನು ಬೇಡ ಅಂತಿದ್ವಾ?"

"ಏನನ್ನ?"

"ಇನ್ನೂ ಏನನ್ನ ಅಂತಾರೆ ನೋಡಿ! ಅತ್ತಿಗೆ ತಿಂಡಿ ತಿನ್ನಿಸಿ ಕರ್ಕೊಂಡು ಬರಬೇಕಂತೆ."

ರಾಯರು ಬಾಯಿ ತೆರೆದರು. ಅಷ್ಟರಲ್ಲಿ ಟಿಕೆಟ್ ಕಿಟಕಿಯವರು ಬಂದು ಬೆನ್ನು ತಟ್ಟಿದರು. ಮುಚ್ಚಿದರು. ಮತ್ತೆ ತೆರೆದರು. ಕ್ಯಾಂಟೀನಿನವನು ಚಹಾ ತಂದಿಟ್ಟು, "ಇವತ್ತು ನನ್ನ ಕಡೆಯಿಂದ," ಎಂದ. ಮೂರನೇ ಸಲ ತೆರೆಯುವ ಹೊತ್ತಿಗೆ ಸ್ವತಃ ಮೇಲಧಿಕಾರಿ ಬಂದು, "ಇರಲಿ ರಾಯರೇ, ಗುರುವಾರ ರಜೆ ತಗೊಳ್ಳಿ. ಗೋದಾಮಿನ ವಿಷಯ ಆರು ವಾರ ಬಿಟ್ಟು ನೋಡೋಣ. ಸಂಸಾರಸ್ಥರು ನೀವು," ಎಂದ. ನಾಲ್ಕು ವರ್ಷದಲ್ಲಿ ಒಂದೇ ದಿನ ಅಷ್ಟು ಜನ ಅವರನ್ನು ಕೊಡೆಯ ವಿಷಯಕ್ಕಲ್ಲದೆ ಮಾತಾಡಿಸಿದ್ದಿಲ್ಲ. ರಾಯರು ಬಾಯನ್ನು ಚಹಾಕ್ಕೆ ಉಪಯೋಗಿಸಿದರು.

ಗುಮಾಸ್ತನಿಗೆ ಇಷ್ಟಕ್ಕೇ ತೃಪ್ತಿಯಾಗಲಿಲ್ಲ. ಅವನು ಸಿಬ್ಬಂದಿಯ ಪುಸ್ತಕ ತೆಗೆದು ರಾಯರ ಮನೆಯ ಕೆಳಮನೆಯ ನಂಬರು ಹುಡುಕಿ ಫೋನು ಮಾಡಿದ.

"ಮೇಲ್ಗಡೆ ಹೊಸದಾಗಿ ಬಂದಿದಾರಲ್ಲ ಮೇಡಂ, ಅವರಿಗೆ ಲೋಟದ ಸೆಟ್ ಇಷ್ಟ ಆಗುತ್ತಾ ಕೇಳ್ತೀರಾ?"

ಕೆಳಮನೆಯಮ್ಮ ಮನೆಯ ಒಡತಿ. ಎಪ್ಪತ್ತರ ಹೆಂಗಸು, ಒಬ್ಬರೇ. ಕಣ್ಣು ಮಂಜಾದಷ್ಟೂ ಕಿವಿ ಚುರುಕಾಗಿತ್ತು. ಹಿಂದಿನ ಕೋಣೆಯಲ್ಲಿ ರೇಡಿಯೋ ಪಕ್ಕ ಕೂತು ಮೇಲಿನವರ ದಿನಚರಿಯನ್ನು ತಾರಸಿಯ ಮೂಲಕವೇ ತಿಳಿದುಕೊಳ್ಳುತ್ತಿದ್ದರು. ಸಂಜೆ ರಾಯರು ಗೇಟು ತೆಗೆಯುತ್ತಲೇ ಬಾಗಿಲಲ್ಲಿ ನಿಂತಿದ್ದರು.

"ಏನ್ರೀ, ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಎರಡು ವಾರದಿಂದ ಕೇಳಿಸಿಕೊಳ್ತಾನೇ ಇದೀನಿ. ಧಪ್ ಅನ್ನೋದು ನೀವು. ಹಿಂದೆ ಮೆಲ್ಲಗೆ ಸರ್ ಅನ್ನೋದು ಅವರು. ಮೆತ್ತನೆ ಚಪ್ಪಲಿ ಹಾಕ್ತಾರೆ ಅನ್ಸುತ್ತೆ."

"ಅಮ್ಮಾ, ಅದು ನನ್ನ ಮಂಡಿ..."

"ಮಂಡಿ ಬಗ್ಗೆ ಆಮೇಲೆ ಹೇಳೋರಂತೆ. ಹಗಲೆಲ್ಲ ಸದ್ದೇ ಇರಲ್ಲ. ರಾತ್ರಿ ಪಾಳಿ ಕೆಲಸಾನಾ? ಹಗಲು ಮಲಗ್ತಾರಾ ಪಾಪ? ಸರಿ ಬಿಡಿ, ನಾನು ಹಗಲು ರೇಡಿಯೋ ಸಣ್ಣಗೆ ಇಡ್ತೀನಿ."

ಹೀಗೆ ಇಲ್ಲದ ಹೆಂಡತಿಗೆ ಚಪ್ಪಲಿ, ಉದ್ಯೋಗ, ನಿದ್ದೆಯ ಸಮಯ ಎಲ್ಲವೂ ಒಂದೇ ಸಂಜೆಯಲ್ಲಿ ದೊರಕಿದವು. ಕೆಳಮನೆಯಮ್ಮ ಅಲ್ಲಿಗೇ ಬಿಡದೆ, ಬಾಡಿಗೆ ಪತ್ರದಲ್ಲಿ ಬರೆದಿದ್ದ ರಾಯರ ಅಕ್ಕನ ನಂಬರಿಗೂ ಅಭಿನಂದನೆ ತಿಳಿಸಿದರು.

ಅಕ್ಕ ಬುಧವಾರ ಮಧ್ಯಾಹ್ನ ಬಂದಿಳಿದರು. ನಾಲ್ಕು ಗಂಟೆಯ ಬಸ್ ಪ್ರಯಾಣ. ನಿವೃತ್ತ ಮುಖ್ಯೋಪಾಧ್ಯಾಯಿನಿ. ಜೀವಮಾನದಲ್ಲಿ ಒಂದು ಸುಳ್ಳು ಹೇಳಿದವರಲ್ಲ, ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸದೆ ಬಿಟ್ಟವರೂ ಅಲ್ಲ. ಐವತ್ತನಾಲ್ಕು ವರ್ಷದ ತಮ್ಮನನ್ನು ಇವತ್ತಿಗೂ ಪುಟ್ಟಾ ಎನ್ನುತ್ತಿದ್ದರು. ಬಂದವರು ನೇರ ಅಡುಗೆಮನೆ ನೋಡಿದರು, ಬಚ್ಚಲು ನೋಡಿದರು, ಮಂಚದ ಕೆಳಗೂ ಬಗ್ಗಿ ನೋಡಿದರು.

"ಎಲ್ಲೋ ಅವಳು?"

"ಅಕ್ಕಾ, ಕೂತ್ಕೋ."

"ಕೂರಲ್ಲ. ಒಡಹುಟ್ಟಿದೋಳಿಗೆ ಮನೆ ಓನರ್ ಬಾಯಿಂದ ಗೊತ್ತಾಗಬೇಕಾ? ಯಾರೋ ಅವಳು? ಹೇಗಿದಾಳೆ?"

"ಚೆನ್ನಾಗಿದಾಳೆ."

"ಚೆನ್ನಾಗಿಲ್ಲ ಅಂತ ಯಾರು ಹೇಳ್ತಾರೆ ಪುಟ್ಟಾ? ನಿನ್ನ ಕೌಂಟರಿಗೆ ಬಂದೋರನ್ನ ಹೇಗೆ ಕೇಳ್ತೀಯೋ ಹಾಗೇ ಕೇಳ್ತಿದೀನಿ. ಗುರುತು ಹೇಳು."

ರಾಯರು ಕಿಟಕಿಯ ಕಡೆ ನೋಡಿದರು. ಎದುರು ಮನೆಯ ತಂತಿಯ ಮೇಲೆ ಒಂದು ಬಿಳಿ ಅಂಗಿ ಒಣಗುತ್ತಿತ್ತು.

"ಎಡಗಡೆ ಹುಬ್ಬಿನ ಮೇಲೆ ಒಂದು ಸಣ್ಣ ಗಾಯದ ಕಲೆ ಇದೆ," ಎಂದರು. "ಕನ್ನಡಕದ ಕಡ್ಡಿಗೆ ದಾರ ಸುತ್ತಿದಾಳೆ, ಹೊಸದು ಮಾಡಿಸು ಅಂದ್ರೆ ಕೇಳಲ್ಲ. ಬಾಗಿಲು ಹಾಕಿದ ಮೇಲೆ ಎರಡು ಸಲ ಎಳೆದು ನೋಡ್ತಾಳೆ. ಏನಾದ್ರೂ ಓದುವಾಗ ಕೆಳತುಟಿ ಹಿಡ್ಕೊಳ್ತಾಳೆ..."

ಅಕ್ಕ ಕೂತರು.

ಆ ಹುಬ್ಬಿನ ಗಾಯ ಆದದ್ದು ಅಕ್ಕನ ಮನೆಯ ಕಪಾಟಿನ ಬಾಗಿಲು ತಾಗಿ. ಅವತ್ತು ಹತ್ತಿ ಒತ್ತಿ ಹಿಡಿದವರೂ ಅಕ್ಕನೇ. ಕೆಳಗೆ ರೇಡಿಯೋ ಬಲು ಸಣ್ಣಗೆ, ಯಾರದೋ ನಿದ್ದೆ ಕೆಡದಂತೆ ಹಾಡುತ್ತಿತ್ತು.

"ಊಟ ಮಾಡಿದೀಯಾ?" ಎಂದು ಕೇಳಿದರು ಅಕ್ಕ.

ಗುರುವಾರ ಹತ್ತು ಗಂಟೆಗೆ, ಅಕ್ಕನ ಜೊತೆ ಬಂದ ರಾಯರನ್ನು ಒಳಗೆ ಮಲಗಿಸಿದರು. ಹಸಿರು ಪರದೆ, ತಣ್ಣಗಿನ ಹಾಸಿಗೆ, ಗೋಡೆಯ ಮೇಲೆ ಒಂದು ಕಾಲಿನ ಚಿತ್ರ. ತೋಳಿನಿಂದ ರಕ್ತ ತೆಗೆದು ನರ್ಸಮ್ಮ ಸಣ್ಣ ಗಾಜಿನ ಕೊಳವೆಗೆ ಹಾಕಿದರು.

"ಚೀಟಿ ಅಂಟಿಸಿದ್ರಾ?" ಎಂದು ಕೇಳಿದರು ರಾಯರು.

"ಅಂಟಿಸಿದೀನಿ."

"ಬೇರೆಯವರದ್ದರ ಜೊತೆ ಬೆರೆತುಹೋದ್ರೆ ಗುರುತು?"

"ಇವತ್ತು ನಿಮ್ಮದೊಂದೇ ಇರೋದು, ಸುಮ್ನೆ ಮಲಗಿ!"

ಮಿಷನ್ನು ಗುಂಯ್ ಎಂದು ತಿರುಗತೊಡಗಿತು. ಅದರೊಳಗೆ ಒಬ್ಬ ರಾಯರು ಗಿರಗಿರ ಸುತ್ತುತ್ತಿದ್ದರು, ಇನ್ನೊಬ್ಬ ರಾಯರು ಮಲಗಿ ಅದನ್ನು ಕೇಳಿಸಿಕೊಳ್ಳುತ್ತಿದ್ದರು. ಡಾಕ್ಟರು ಬಂದು, ಸ್ಕ್ಯಾನಿಂಗ್ ಮಿಷನ್ನಿನ ಪರದೆಯ ಮೇಲೆ ಮಂಡಿಯ ಒಳಗನ್ನು ನೋಡುತ್ತಾ ಸೂಜಿ ಇಳಿಸಿದರು. ಒಳಗೆ ಯಾರೋ ಬಿಗಿಯಾದ ಚೀಲಕ್ಕೆ ಇನ್ನೊಂದು ಬಟ್ಟೆ ತುರುಕಿದ ಹಾಗಾಯಿತು. ರಾಯರು ಕೈ ಚಾಚಿದರು. ಮಂಚದ ಕಬ್ಬಿಣದ ಸರಳು ಸಿಕ್ಕಿತು. ಅದನ್ನೇ ಹಿಡಿದುಕೊಂಡರು.

ಹೊರಗೆ ಹಾಲಿನಲ್ಲಿ ನಾಟಕವೇ ನಡೆದಿತ್ತು. ಬಾಗಿಲು ಅರ್ಧ ತೆರೆದಿದ್ದರಿಂದ ರಾಯರಿಗೆ ಪ್ರತಿ ಮಾತೂ ಕೇಳಿಸುತ್ತಿತ್ತು.

ಪಾರ್ಸೆಲ್ ಗುಮಾಸ್ತ ಸಿಬ್ಬಂದಿಯ ಪರವಾಗಿ ಜೋಡಿ ಲೋಟದ ಡಬ್ಬಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ಬಂದಿದ್ದ. ಕೆಳಮನೆಯಮ್ಮನಿಗೂ ಅವತ್ತೇ ಬೆಳಿಗ್ಗೆ ದಿಢೀರನೆ ಮಂಡಿ ನೋವು ಬಂದು, ಬೇರೆಲ್ಲೂ ಗುಣವಾಗದೆಂದು ಇದೇ ಆಸ್ಪತ್ರೆಗೆ ಬಂದು ಕೂತಿದ್ದರು. ಇಬ್ಬರೂ ಫೋನಿನಲ್ಲಿ ಪರಿಚಿತರು, ಮುಖತಃ ಅಲ್ಲ. ಅಕ್ಕ ಮೂಲೆಯ ಕುರ್ಚಿಯಲ್ಲಿದ್ದರು.

"ಇವರ ಮನೆಯವರು ಯಾರು?" ಎಂದು ಗರ್ಜಿಸಿದರು ನರ್ಸಮ್ಮ.

ನೋಡುವ ಆತುರದಲ್ಲಿ ಕೆಳಮನೆಯಮ್ಮ ಎದ್ದು ನಿಂತರು. ಎದ್ದವರೇ ಅವಳು ಎಂದುಕೊಂಡ ಗುಮಾಸ್ತ ಓಡಿಬಂದು ಡಬ್ಬಿಯನ್ನು ಅವರ ಕೈಗೆ ತುರುಕಿದ.

"ನಮಸ್ಕಾರ ಅತ್ತಿಗೆ! ನೂರು ಕಾಲ ಚೆನ್ನಾಗಿರಿ. ವಯಸ್ಸು ಸ್ವಲ್ಪ ಜಾಸ್ತಿ ಆದ್ರೇನು, ಮನಸ್ಸು ಮುಖ್ಯ."

"ಯಾರೋ ನಿನ್ನ ಅತ್ತಿಗೆ?" ಕೆಳಮನೆಯಮ್ಮ ಡಬ್ಬಿಯನ್ನು ಎದೆಗೆ ಒತ್ತಿಕೊಂಡೇ ಕೂಗಿದರು. "ನಾನು ಅವರ ಮನೆ ಓನರು! ನೀನ್ಯಾರು? ನೀನು ಅವಳ ಅಣ್ಣಾನಾ?"

"ನಾನು ಪಾರ್ಸೆಲ್ಲು!"

"ಹಾಗಾದ್ರೆ ಹೆಂಡ್ತಿ ಎಲ್ಲಿ?" ಎಂದರು ನರ್ಸಮ್ಮ.

"ಅದನ್ನೇ ನೋಡೋಕೆ ಬಂದಿರೋದು!" ಎಂದರು ಇಬ್ಬರೂ ಒಟ್ಟಿಗೆ.

ಹನ್ನೊಂದು ಜೋಡಿಗಳು ಸೋಮವಾರದಿಂದ ಕಾದು ಕೂತವರ ಹಾಗೆ ಬಾಗಿಲ ಕಡೆ ನೋಡಿದರು. ಒಳಗೆ ರಾಯರು ಕಣ್ಣು ಮುಚ್ಚಿಕೊಂಡರು. ಇನ್ನು ಹೇಳಬೇಕಾದವರು ತಾವೇ. ಇಷ್ಟು ಜನರ ಮುಂದೆ, ಒಂದು ಕಾಲು ಚಾಚಿಕೊಂಡು ಮಲಗಿ, ಅವಳು ಇಲ್ಲ ಎಂದು ಇನ್ನೊಂದು ಸಲ ಹೇಳಬೇಕು.

"ಅವಳು ಬಂದಿದ್ಲು," ಎಂಬ ದನಿ ಕೇಳಿಸಿತು. ಅಕ್ಕನದು. ತರಗತಿಯಲ್ಲಿ ಪಾಠ ಹೇಳುವ ದನಿ. "ಒಂಬತ್ತಕ್ಕೇ ಬಂದು, ಇವನು ಒಳಗೆ ಹೋಗೋವರೆಗೂ ಇದ್ದು, ಹಾಸಿಗೆ ಸರಿಮಾಡೋಕೆ ಮನೆಗೆ ಹೋದ್ಲು. ಸಂಕೋಚದ ಹೆಂಗಸು. ಹೀಗೆ ಜಾತ್ರೆ ಸೇರಿಸಿದ್ರೆ ಯಾರು ತಾನೇ ನಿಲ್ತಾರೆ? ಎಲ್ಲಮ್ಮಾ ಸಹಿ ಹಾಕಬೇಕು?"

"ನೀವ್ಯಾರು?"

"ಅಕ್ಕ."

"ಅಕ್ಕ ಆದ್ರೂ ಆಯ್ತು, ಪಕ್ಕದ ಮನೆಯೋರಾದ್ರೂ ಆಯ್ತು," ಎಂದರು ನರ್ಸಮ್ಮ. "ಕೈ ಹಿಡ್ಕೊಂಡು ಮೆಟ್ಟಿಲು ಇಳಿಸೋಕೆ ಒಬ್ರು ಬೇಕು ಅಷ್ಟೇ. ಹೆಂಡ್ತೀನೇ ಆಗಬೇಕು ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ.

ಅಕ್ಕ ಸಹಿ ಹಾಕಿ ತಮ್ಮನನ್ನು ಬಿಡಿಸಿಕೊಂಡರು. ಮೆಟ್ಟಿಲು ಇಳಿಯುವಾಗ ಒಂದು ಕಡೆ ಅಕ್ಕ, ಇನ್ನೊಂದು ಕಡೆ ಗುಮಾಸ್ತ, ಹಿಂದೆ ಡಬ್ಬಿ ಹಿಡಿದು ಕೆಳಮನೆಯಮ್ಮ. ಅವರ ಮಂಡಿ ನೋವು ಅಷ್ಟರಲ್ಲಿ ಸೂಜಿಯಿಲ್ಲದೆ ವಾಸಿಯಾಗಿತ್ತು. ಗುಮಾಸ್ತ ಗೇಟಿನವರೆಗೂ ಬಂದು, "ಅತ್ತಿಗೆಗೆ ತೊಂದರೆ ಬೇಡ," ಎಂದು ಹಿಂದಿರುಗಿದ.

ಶುಕ್ರವಾರ ಸಂಜೆ ಅಕ್ಕ ಹೊರಟರು. ಜೋಡಿ ಲೋಟ ತೊಳೆದು ಬೋರಲು ಇಟ್ಟಿದ್ದರು.

"ಇನ್ನೊಂದು ಸಲ ಯಾರಾದ್ರೂ ಜೊತೆಗೆ ಯಾರು ಅಂತ ಕೇಳಿದ್ರೆ ನನ್ನ ಹೆಸರು ಹೇಳು ಪುಟ್ಟಾ. ನಾಲ್ಕು ಗಂಟೆ ದಾರಿ ಅಷ್ಟೇ."

"ಹೂಂ."

"ಸುಳ್ಳು ಹೇಳಿದ್ದಕ್ಕೆ ನನ್ನನ್ನ ಬೆಂಚ್ ಮೇಲೆ ನಿಲ್ಲಿಸೋರು ಯಾರೂ ಇಲ್ಲ. ಅದೇ ಬೇಜಾರು," ಎಂದು ಅಕ್ಕ ಚಪ್ಪಲಿ ಮೆಟ್ಟಿಕೊಂಡರು.

ಆಮೇಲಿನ ದಿನಗಳಲ್ಲಿ ರಾಯರು ಕೋಲು ಊರಿಕೊಂಡು, ಆಮೇಲೆ ಕೋಲು ಬಿಟ್ಟು, ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕಿಟಕಿಗೆ ಓಡಾಡಿದರು. ಧಪ್, ಸರ್. ಧಪ್, ಸರ್. ಬೆಳಿಗ್ಗೆ ಗೇಟಿನ ಬಳಿ ಕೆಳಮನೆಯಮ್ಮ ನಿಲ್ಲಿಸುತ್ತಿದ್ದರು.

"ನಿಮ್ಮ ಮನೆಯವರಿಗೆ ಹೇಳಿ, ನಾಳೆ ನಲ್ಲಿ ಬೇಗ ನಿಲ್ಲುತ್ತಂತೆ."

"ಹೇಳ್ತೀನಿ."

"ನಿನ್ನೆ ಕಿಟಕಿ ಹತ್ರ ತುಂಬಾ ಹೊತ್ತು ನಿಂತಿದ್ರು ಪಾಪ. ಬೇಜಾರಾ?"

"ಇಲ್ಲ, ಏನೋ ಯೋಚನೆ ಇರಬೇಕು."

ಮೇಲೆ ಹೋಗಿ ರಾಯರು ಹೇಳುತ್ತಿದ್ದರು. ನಾಳೆ ನಲ್ಲಿ ಬೇಗ ನಿಲ್ಲುತ್ತಂತೆ. ನಾಲ್ಕು ವರ್ಷ ಮೂರು ತಿಂಗಳು ಆ ಮನೆಯ ಗೋಡೆಗಳು ಅವರ ಕೆಮ್ಮನ್ನಷ್ಟೇ ಕೇಳಿದ್ದವು. ಈಗ ಅವಕ್ಕೂ ನಲ್ಲಿ, ಹಾಲು, ಹವಾಮಾನದ ವಿಷಯ ತಿಳಿಯತೊಡಗಿತು.

ಐದನೇ ವಾರ ರಾಯರು ಏಣಿ ಹತ್ತಿದರು. ಆರನೇ ವಾರ ಡಾಕ್ಟರು ಹಾಲಿನಲ್ಲಿ ಈ ಕಡೆಯಿಂದ ಆ ಕಡೆಗೆ ನಡೆಸಿ ನೋಡಿದರು. ಎರಡೂ ಕಾಲು ಒಂದೇ ಸದ್ದು ಮಾಡಿದವು. "ಭೇಷ್," ಎಂದು ಡಾಕ್ಟರು ಮಂಡಿಯನ್ನು ಅಭಿನಂದಿಸಿದರು. ನರ್ಸಮ್ಮ ಇಡೀ ಬೀದಿಗೆ ಕೇಳುವಂತೆ ಸಂತೋಷಪಟ್ಟರು. ಟೈರಿನ ಗೋದಾಮಿಗೆ ಬೇರೆ ಯಾರನ್ನೋ ಹಾಕಿದರು. ರಾಯರ ಬದುಕಿನಲ್ಲಿ ಕಳೆದುಹೋದ ವಸ್ತುವೊಂದು ಹೀಗೆ ಹೇಳಿದ ಹೊತ್ತಿಗೆ, ಹೇಳಿದ ಸ್ಥಿತಿಯಲ್ಲಿ ವಾಪಸ್ಸು ಬಂದದ್ದು ಅದೇ ಮೊದಲು.

ಆ ವಾರದ ಕೊನೆಗೆ, ಸಂಜೆ ಗೇಟು ತೆಗೆದರೆ, ಕೆಳಮನೆಯಮ್ಮ ಬಾಗಿಲಲ್ಲಿ ನಿಂತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ರೇಡಿಯೋ ದೊಡ್ಡದಾಗಿ ಅರಚುತ್ತಿತ್ತು.

"ಏನ್ರೀ, ಕೇಳ್ತೀನಿ ಅಂತ ತಪ್ಪು ತಿಳ್ಕೋಬೇಡಿ. ನಾಲ್ಕು ದಿನದಿಂದ ಮೇಲೆ ಒಂದೇ ಹೆಜ್ಜೆ ಕೇಳಿಸ್ತಿದೆ." ಅವರು ಮಂಜುಗಣ್ಣನ್ನು ಕಿರಿದು ಮಾಡಿ ರಾಯರ ಮುಖ ಹುಡುಕಿದರು. "ಅವರು ಹೋಗಿಬಿಟ್ರಾ?"

ರಾಯರು ಗೇಟಿನ ಚಿಲಕ ಹಾಕಿದರು. ಎರಡು ಸಲ ಎಳೆದು ನೋಡಿದರು.

"ಇಲ್ಲಮ್ಮ," ಎಂದರು. "ಇದಾಳೆ. ಸ್ವಲ್ಪ ಹುಷಾರಿರಲಿಲ್ಲ, ಮಲಗಿದ್ಲು."

"ಹೌದಾ! ಈಗ?"

"ಈಗ ಪರವಾಗಿಲ್ಲ. ಏಳ್ತಾಳೆ."

ಮೆಟ್ಟಿಲನ್ನು ಅವರು ಸರಾಗವಾಗಿ ಹತ್ತಿದರು. ಬೀಗ ತೆಗೆದು, ಚೀಲ ಇಟ್ಟು, ಚಹಾಕ್ಕೆ ನೀರು ಇಟ್ಟರು. ಆಮೇಲೆ ಕೋಣೆಯ ನಡುವೆ ಬಂದು ನಿಂತು, ಗುಣವಾದ ಬಲಗಾಲನ್ನು ಒಂದು ಗಳಿಗೆ ನೋಡಿದರು. ಕಿಟಕಿಯ ಕಡೆಗೆ ಹೆಜ್ಜೆ ಇಟ್ಟರು. ಮೊದಲು ಎಡಗಾಲು, ಭಾರವಾಗಿ. ಹಿಂದೆ ಬಲಗಾಲು, ಮೆಲ್ಲಗೆ, ಎಳೆದುಕೊಂಡು.

ಧಪ್, ಸರ್.

ಧಪ್, ಸರ್.

ಕೆಳಗೆ ರೇಡಿಯೋದ ಸದ್ದು ತಗ್ಗಿತು.